ಲೂಪಸ್ ಇರುವ ಹುಡುಗಿಯ ರಿಪೋರ್ಟ್: 42 ಇದ್ದದ್ದು 140 ಆಯಿತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇರುವ ಮಕ್ಕಳ ತಂದೆತಾಯಂದಿರು ಆಪ್ತಸಲಹೆಗಾರರಾದ ನಮ್ಮನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ: "ಆಂಟಿ-ಡಿಎಸ್‌ಡಿಎನ್‌ಎ ಏರಿದೆ, ಕಾಯಿಲೆ ಕೆರಳಿತಾ?" ಈ ತಾಯಿಯದೂ ಅದೇ ಪ್ರಶ್ನೆ. (ಆಂಟಿ-ಡಿಎಸ್‌ಡಿಎನ್‌ಎ ಎಂದರೆ ದೇಹ ತನ್ನದೇ ಡಿಎನ್‌ಎ ವಿರುದ್ಧ ಹುಟ್ಟಿಸುವ ಪ್ರತಿಕಾಯ. ಅದನ್ನು ರಕ್ತಪರೀಕ್ಷೆಯಲ್ಲಿ ಅಳೆಯುತ್ತಾರೆ.) ಮಗಳಿಗೆ 13 ವರ್ಷ. ಹಿಂದಿನ ಸಲ 42 ಇದ್ದದ್ದು ಈಗ 140. ಜ್ವರ, ಕೀಲುನೋವು, ಬಾಯಿಹುಣ್ಣು ಯಾವುದೂ ಇಲ್ಲ. ಆದರೂ ಶಾಲೆ ಬಿಡಿಸಿದ್ದರು. ಮನೆಯಲ್ಲಿರುವ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್) ಒಂದು ಮಾತ್ರೆ ಜಾಸ್ತಿ ಕೊಡಲೇ ಎಂಬ ಯೋಚನೆಯೂ ಇತ್ತು.

ಎರಡೂ ರಿಪೋರ್ಟುಗಳನ್ನು ಪಕ್ಕಪಕ್ಕದಲ್ಲಿಟ್ಟು, ಅಂಕಿಯ ಬಲಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಮಿತಿಯನ್ನು (ಅದನ್ನು ದಾಟಿದರೆ ಹೆಚ್ಚು ಎಂದರ್ಥ) ಓದಲು ಹೇಳಿದೆ. ಮೊದಲನೆಯದರಲ್ಲಿ 30, ಎರಡನೆಯದರಲ್ಲಿ 100. ಲ್ಯಾಬ್ ಬೇರೆ, ಕಿಟ್ ಬೇರೆ. ಎಲೈಸಾ, ಫಾರ್, ಕ್ರಿಥಿಡಿಯಾ ಎಂದು ಈ ಪರೀಕ್ಷೆಗೆ ಹಲವು ವಿಧಾನಗಳಿವೆ. ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ಏರಿತು, ಇಳಿಯಿತು ಎನ್ನಲಾಗದು. ಎರಡೂ ಮಿತಿ ದಾಟಿವೆ, ಹೇಳಬಹುದಾದದ್ದು ಅಷ್ಟೇ.

ಅಲ್ಲಿಯವರೆಗೆ ತಲೆ ಎತ್ತದ ಹುಡುಗಿ ಕೇಳಿದಳು: "ಹಾಗಾದ್ರೆ ನಾನು ಮಾತ್ರೆ ಬಿಟ್ಟಿದ್ದಕ್ಕೆ ಏರಿದ್ದಲ್ವಾ?"

ಪ್ರೆಡ್ನಿಸೊಲೋನನ್ನು ತಾಯಿಯೇ ಎಣಿಸಿ ಕೊಡುತ್ತಿದ್ದರು. ಲೂಪಸ್‌ನ ಇನ್ನೊಂದು ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ಹುಡುಗಿಯ ಪಾಲಿಗೆ ಬಿಟ್ಟಿತ್ತು. ಹೊಟ್ಟೆ ತೊಳಸುತ್ತದೆ ಎಂದು ಅವಳು ಅದನ್ನು ನಿಲ್ಲಿಸಿ ತಿಂಗಳಾಗಿತ್ತು. "ನನಗ್ಯಾಕೆ ಹೇಳ್ಲಿಲ್ಲ?" ಎಂದು ತಾಯಿ ಕೇಳಿದ್ದಕ್ಕೆ, "ನಂಬರ್ ಬಂದಾಗ ಹೇಗೂ ಗೊತ್ತಾಗುತ್ತಲ್ಲ ಅಂತ ಸುಮ್ನಿದ್ದೆ" ಎಂದಳು.

ಗೊತ್ತಾಗುವುದಿಲ್ಲ. ಆ ಔಷಧಿ ನಿಲ್ಲಿಸಿದ ಮೇಲೂ ವಾರಗಟ್ಟಲೆ ದೇಹದಲ್ಲಿರುತ್ತದೆ. ಪ್ರತಿಕಾಯದ ಅಂಕಿ ಮಾತ್ರೆ ತಪ್ಪಿಸಿದವರನ್ನು ಹಿಡಿದುಕೊಡುವ ಪರೀಕ್ಷೆಯಲ್ಲ. ಆದರೆ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚುತ್ತದೆ. ಹಾಗಾಗಿ ತಾಯಿಗೆ ಹೇಳಿದ್ದು: ಬೈಯಬೇಡಿ, ಇವತ್ತೇ ಡಾಕ್ಟರಿಗೆ ತಿಳಿಸಿ, ಪ್ರೆಡ್ನಿಸೊಲೋನನ್ನು ನೀವಾಗಿ ಏರಿಸಲೂ ಬೇಡಿ, ನಿಲ್ಲಿಸಲೂ ಬೇಡಿ. ಬೈಯಬೇಡಿ ಎಂದದ್ದು ಕೆಲವರಿಗೆ ಸಲಿಗೆ ಅನ್ನಿಸಬಹುದು. ಬೈಸಿಕೊಂಡ ಮಗು ಮುಂದಿನ ಸಲ ಇನ್ನೂ ಚೆನ್ನಾಗಿ ಮುಚ್ಚಿಡುತ್ತದೆ, ಡಾಕ್ಟರು ಔಷಧಿ ಕೆಲಸ ಮಾಡುತ್ತಿಲ್ಲವೆಂದು ತಿಳಿದು ಇನ್ನೂ ಬಲವಾದದ್ದು ಬರೆಯುತ್ತಾರೆ. ಹುಡುಗಿಗೆ: ಮಾತ್ರೆಯನ್ನು ಊಟದ ಜೊತೆ ತಗೋ, ಎರಡು ಹೊತ್ತಿಗೆ ಹಂಚಬಹುದಾ ಅಂತ ಡಾಕ್ಟರನ್ನು ನೀನೇ ಕೇಳು. ಹೈಡ್ರಾಕ್ಸಿಕ್ಲೋರೋಕ್ವಿನ್‌ನ ದಿನದ ಪ್ರಮಾಣ ಸಾಮಾನ್ಯವಾಗಿ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಮೀರುವುದಿಲ್ಲ. ಅವಳ ತೂಕ ಬದಲಾಗಿದ್ದರೆ ಅದನ್ನೂ ನೋಡಬೇಕಾಗುತ್ತದೆ.

ಅದೇ ಫೈಲಿನ ಮೂರನೇ ಹಾಳೆಯನ್ನು ಯಾರೂ ಓದಿರಲಿಲ್ಲ. ಸಿ3, ಸಿ4 (ಲೂಪಸ್ ಕೆರಳಿದಾಗ ಸಾಮಾನ್ಯವಾಗಿ ಇಳಿಯುವ ರಕ್ತದ ಪ್ರೋಟೀನುಗಳು) ಸರಿಯಿದ್ದವು. ಮೂತ್ರದಲ್ಲಿ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂದು ಹೇಳುವ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ 0.1, ಅದೂ ಸರಿಯೇ. ನನ್ನ ಮಟ್ಟಿಗೆ ಮೊದಲು ತೆರೆಯಬೇಕಾದ ಹಾಳೆ ಅದು. ಮಕ್ಕಳ ಲೂಪಸ್‌ನಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ದೊಡ್ಡವರಿಗಿಂತ ಹೆಚ್ಚು, ಅದೂ ನೋವಿಲ್ಲದೆ. ಅನುಪಾತ 0.5 ದಾಟಿದರೆ, ಮೂತ್ರದಲ್ಲಿ ರಕ್ತಕಣ ಕಂಡರೆ, ಬಿಪಿ ಏರಿದರೆ, ಬೆಳಿಗ್ಗೆ ಕಣ್ಣಸುತ್ತ ಅಥವಾ ಪಾದದಲ್ಲಿ ಊತ ಬಂದರೆ ಕಾಯಬಾರದು. ಪ್ರತಿಕಾಯ ಏರುತ್ತಾ ಜೊತೆಗೇ ಸಿ3 ಇಳಿಯುತ್ತಿದ್ದರೆ ಡಾಕ್ಟರು ಇನ್ನಷ್ಟು ಬೇಗಬೇಗ ನೋಡುತ್ತಾರೆ. ಅಂಕಿಯೊಂದೇ ಏರಿದ್ದಕ್ಕೆ ಸಾಮಾನ್ಯವಾಗಿ ಸ್ಟೀರಾಯ್ಡ್ ಹೆಚ್ಚಿಸುವುದಿಲ್ಲ. ಕಾಯಿಲೆಯ ಚಟುವಟಿಕೆ ಅಳೆಯುವ ಸ್ಲೆಡೈ-2ಕೆ ಪಟ್ಟಿಯಲ್ಲೂ ಪ್ರತಿಕಾಯ ಏರಿಕೆಗೆ 2 ಅಂಕ, ಮೂತ್ರದ ಪ್ರೋಟೀನಿಗೆ 4. ವರ್ಷಗಟ್ಟಲೆ ಪ್ರತಿಕಾಯ ಮೇಲೇ ಇದ್ದು ಆರಾಮಾಗಿರುವ ಮಕ್ಕಳಿದ್ದಾರೆ. ಇದಕ್ಕೆ ತದ್ವಿರುದ್ಧವಾಗಿ, ಕಾಯಿಲೆ ಕೆರಳಿದ ಹೊತ್ತಿಗೇ ರಕ್ತದಲ್ಲಿ ಅಂಕಿ ಇಳಿಯುವುದೂ ಉಂಟು.

ಆಪ್ತಸಲಹೆಗಾರರು ಲ್ಯಾಬ್ ರಿಪೋರ್ಟಿಗೆ ಕೈಹಾಕಬಾರದು ಎಂಬ ಆಕ್ಷೇಪ ಹಳೆಯದು. ಮಿತಿ ಓದಿಸುವುದು ಚಿಕಿತ್ಸೆ ಬರೆಯುವುದಲ್ಲ. ಓದಿಸದಿದ್ದರೆ ಆ ಹುಡುಗಿ ಬಾಯಿ ಬಿಡುತ್ತಿರಲಿಲ್ಲ.

ಕೊನೆಗೆ ಚೀಟಿಯಲ್ಲಿ ಬರೆದುಕೊಟ್ಟದ್ದು: ಮುಂದೆ ಅದೇ ಲ್ಯಾಬ್, ಅದೇ ವಿಧಾನ. ಮೂತ್ರ ಬೆಳಿಗ್ಗೆ ಎದ್ದ ಕೂಡಲಿನದು, ಏಕೆಂದರೆ ಈ ವಯಸ್ಸಿನಲ್ಲಿ ಓಡಾಡಿದ ಮೇಲೆ ಸುಮ್ಮನೆಯೂ ಪ್ರೋಟೀನ್ ಸೋರಬಹುದು. ಹೈಡ್ರಾಕ್ಸಿಕ್ಲೋರೋಕ್ವಿನ್ ವರ್ಷಗಟ್ಟಲೆ ತಗೊಂಡರೆ ಕಣ್ಣಿಗೆ ತೊಂದರೆಯಾಗಬಹುದು, ಹಾಗಾಗಿ ಕಣ್ಣಿನ ತಪಾಸಣೆಯ ದಿನ ಗೊತ್ತುಮಾಡಿಕೊಳ್ಳಿ. ಎಎನ್‌ಎ (ಲೂಪಸ್ ಪತ್ತೆಹಚ್ಚಲು ಮೊದಲು ಮಾಡುವ ಪ್ರತಿಕಾಯ ಪರೀಕ್ಷೆ) ಮತ್ತೆ ಮಾಡಿಸುವುದು ಬೇಡ, ಅದು ಕಾಯಿಲೆಯ ಏರಿಳಿತವನ್ನು ಹೇಳುವುದಿಲ್ಲ.