ಹೊಸ ಪಿಕಪ್‌ಗೆ ಆಯಿಲ್ ಬದಲಿಸುವುದು ಯಾವಾಗ?

ಪ್ರಶ್ನೆ: ಟೊಮೆಟೊ ಸಾಗಿಸಲು ಏಳು ತಿಂಗಳ ಹಿಂದೆ ಬಿಎಸ್-6 ಡೀಸೆಲ್ ಪಿಕಪ್ ಕೊಂಡೆ. ಈಗ 9,000 ಕಿ.ಮೀ. ಓಡಿದೆ. 20,000 ಕಿ.ಮೀ. ಅಥವಾ ಒಂದು ವರ್ಷಕ್ಕೆ ಆಯಿಲ್ ಬದಲಿಸಿ ಎಂದು ಕೈಪಿಡಿಯಲ್ಲಿದೆ. ಊರಿನ ಮೆಕ್ಯಾನಿಕ್ ಮಾತ್ರ ಆಯಿಲ್ ಆಗಲೇ ಕಪ್ಪಾಗಿದೆ, 5,000ಕ್ಕೇ ಬದಲಿಸಬೇಕಿತ್ತು ಎನ್ನುತ್ತಾರೆ. ದಿನವೂ ತೋಟದಿಂದ ಕೋಲಾರದ ಮಂಡಿಗೆ ಓಡಾಟ. ಅಲ್ಲಿ ಸರದಿಗಾಗಿ ಎಂಜಿನ್ ಆರಿಸದೆ ಕಾಯುವುದೂ ಉಂಟು. ಯಾರ ಮಾತು ಕೇಳಲಿ?
– ಓದುಗರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ನಿಮ್ಮ ಬಳಕೆಗೆ 20,000 ಹೆಚ್ಚಾಯಿತು, 5,000 ಕಡಿಮೆಯಾಯಿತು. 10,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದಕ್ಕೆ ಬದಲಿಸಿ. ನಿಮಗೆ ಆರು ತಿಂಗಳು ಕಳೆದಿರುವುದರಿಂದ ಈ ವಾರವೇ ಮಾಡಿಸುವುದು ಒಳ್ಳೆಯದು.

ಕೈಪಿಡಿಯ ದೊಡ್ಡ ಅಂಕಿ ಸಾಧಾರಣ ಓಡಾಟಕ್ಕೆ ಕೊಟ್ಟದ್ದು. ಅದೇ ಪುಸ್ತಕದಲ್ಲಿ ‘ಕಠಿಣ ಬಳಕೆ’ ಎಂಬ ಭಾಗವಿದೆಯೇ ನೋಡಿ. ತುಂಬು ಹೊರೆ, ದೂಳಿನ ದಾರಿ, ನಿಂತಲ್ಲೇ ಓಡುವ ಎಂಜಿನ್ ಎಲ್ಲವೂ ಸಾಮಾನ್ಯವಾಗಿ ಅದರಡಿ ಬರುತ್ತವೆ. ನಿಮ್ಮ ಗಾಡಿಗೆ ಮೂರೂ ಇವೆ. ಮಂಡಿಯಲ್ಲಿ ಕಾಯುವಾಗ ಕಿಲೋಮೀಟರ್ ಏರುವುದಿಲ್ಲ, ಆದರೆ ಆಯಿಲ್ ಸವೆಯುತ್ತಲೇ ಇರುತ್ತದೆ. ಒಂದು ಗಂಟೆ ನಿಂತು ಓಡಿದ ಎಂಜಿನ್ ಸುಮಾರು 40 ಕಿ.ಮೀ. ಓಡಿದ್ದಕ್ಕೆ ಸಮ ಎಂಬುದೊಂದು ಅಂದಾಜು ಲೆಕ್ಕ. ದಿನಕ್ಕೆ ಎರಡು ಗಂಟೆ ಹಾಗೆ ನಿಂತರೆ ತಿಂಗಳಿಗೆ 2,000 ಕಿ.ಮೀ.ಗೂ ಹೆಚ್ಚು ಲೆಕ್ಕಕ್ಕೆ ಬಾರದೆ ಹೋಗುತ್ತದೆ. ದಯವಿಟ್ಟು ಸರದಿಯಲ್ಲಿ ಎಂಜಿನ್ ಆರಿಸಿ.

ಮೆಕ್ಯಾನಿಕ್ ಮಾತಿಗೂ ಆಧಾರವಿದೆ. ಹಿಂದೆ ಡೀಸೆಲ್‌ನಲ್ಲಿ ಗಂಧಕ ಹೆಚ್ಚಿತ್ತು; ಅದು ಉರಿದು ಆಮ್ಲವಾಗಿ ಆಯಿಲನ್ನು ಬೇಗ ಕೆಡಿಸುತ್ತಿತ್ತು. ಬಿಎಸ್ ಎಂಬುದು ವಾಹನದ ಹೊಗೆಗೆ ಸರಕಾರ ಹಾಕಿದ ಮಾನದಂಡ. ಬಿಎಸ್-3 ಡೀಸೆಲ್‌ನಲ್ಲಿ ಗಂಧಕದ ಮಿತಿ 350 ಪಿಪಿಎಂ (ಹತ್ತು ಲಕ್ಷದಲ್ಲಿ 350 ಭಾಗ), ಬಿಎಸ್-4ರಲ್ಲಿ 50, ಈಗಿನ ಬಿಎಸ್-6ರಲ್ಲಿ ಬರೀ 10. ಇಂಧನ ಬದಲಾಯಿತು, ರೂಢಿ ಉಳಿಯಿತು. ಇನ್ನು ಬಣ್ಣದ ಮಾತು. ಡೀಸೆಲ್ ಎಂಜಿನ್‌ನ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಗಟ್ಟಿಯಾಗಲು ಬಿಡದೆ ತನ್ನಲ್ಲಿ ತೇಲಿಸಿಕೊಳ್ಳುವುದೇ ಅದರ ಕೆಲಸ. ಬಣ್ಣ ನೋಡಿ ಹೆದರಬೇಡಿ.

ಹೆದರಬೇಕಾದದ್ದು ಆಯಿಲ್ ಮಟ್ಟ ಏರಿದಾಗ. ಬಿಎಸ್-6 ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಸೋಸುಕ ಇರುತ್ತದೆ. ತುಂಬಿದ ಮಸಿಯನ್ನು ಸುಡಲು ಹಲವು ಎಂಜಿನ್‌ಗಳು ಸಿಲಿಂಡರಿಗೆ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಸುಡುವ ಕೆಲಸ ಮುಗಿಯುವ ಮೊದಲೇ ನೀವು ಮತ್ತೆ ಮತ್ತೆ ಗಾಡಿ ಆರಿಸಿದರೆ ಆ ಡೀಸೆಲ್‌ನ ಒಂದಂಶ ಕೆಳಗಿಳಿದು ಆಯಿಲ್ ಸೇರುತ್ತದೆ. ಆಯಿಲ್ ತೆಳುವಾಗಿ ಬೇರಿಂಗ್ ಸವೆಯುತ್ತದೆ.

ಆದ್ದರಿಂದ ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆಯಿರಿ. ಒಮ್ಮೆ ಒರೆಸಿ, ಮತ್ತೆ ಅದ್ದಿ ನೋಡಿ. ಮೇಲಿನ ಗೆರೆ ದಾಟಿದ್ದರೆ ಅಥವಾ ಡೀಸೆಲ್ ವಾಸನೆ ಬಂದರೆ ಕಿಲೋಮೀಟರ್ ಲೆಕ್ಕ ಬಿಟ್ಟು ಕೂಡಲೇ ಬದಲಿಸಿ. ಹಾಲು ಬೆರೆತ ಕಾಫಿಯಂತೆ ಕಂಡರೆ ಎಂಜಿನ್ ತಣಿಸುವ ದ್ರವ (ಕೂಲೆಂಟ್) ಸೇರಿರುವ ಶಂಕೆ, ಗಾಡಿ ಓಡಿಸಲೇಬೇಡಿ. ಡಿಪಿಎಫ್ ದೀಪ ಹೊತ್ತಿದಾಗ ಕೈಪಿಡಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ, ಸಾಮಾನ್ಯವಾಗಿ ಹದಿನೈದು–ಇಪ್ಪತ್ತು ನಿಮಿಷ, ನಿಲ್ಲಿಸದೆ ಓಡಿಸಬೇಕು.

ಎಷ್ಟು ಸಲ ಬದಲಿಸಿದಿರಿ ಎಂಬುದಕ್ಕಿಂತ ಏನು ಹಾಕಿಸಿದಿರಿ ಎಂಬುದರ ಮೇಲೆ ನನಗೆ ಹೆಚ್ಚು ಕಾಳಜಿ. ಹಳೆಯ ಗಾಡಿಗಳಿಗೆಂದು ಡ್ರಮ್ಮಿನಲ್ಲಿ ಇಟ್ಟ ಅಗ್ಗದ ಆಯಿಲ್ ಬೇಡವೇ ಬೇಡ. ಅದರ ರಾಸಾಯನಿಕಗಳು ಉರಿದಾಗ ಬೂದಿ ಉಳಿಯುತ್ತದೆ. ಮಸಿಯನ್ನಾದರೂ ಸುಡಬಹುದು, ಬೂದಿ ಸುಡುವುದಿಲ್ಲ. ಅದು ಡಿಪಿಎಫ್‌ನಲ್ಲೇ ಕೂತು ಕಟ್ಟಿಕೊಳ್ಳುತ್ತದೆ. ಡಿಪಿಎಫ್ ಬದಲಿಸುವ ಖರ್ಚಿನಲ್ಲಿ ವರ್ಷಗಟ್ಟಲೆ ಒಳ್ಳೆಯ ಆಯಿಲ್ ಹಾಕಿಸಬಹುದು. ಕೈಪಿಡಿಯಲ್ಲಿ ಬರೆದ ದರ್ಜೆಯೇ, ಉದಾಹರಣೆಗೆ ಸಿಕೆ-4 ಎಂದಿದ್ದರೆ ಅದೇ, ಡಬ್ಬದ ಮೇಲೂ ಇರಬೇಕು. ಸೀಲು ಒಡೆಯುವುದನ್ನು ಕಣ್ಣಾರೆ ನೋಡಿ. ಆಯಿಲ್ ಫಿಲ್ಟರನ್ನೂ ಜೊತೆಗೇ ಬದಲಿಸಿ. ಏರ್ ಫಿಲ್ಟರನ್ನು ದೂಳಿನ ಕಾಲದಲ್ಲಿ ತಿಂಗಳಿಗೊಮ್ಮೆ ತೆರೆದು ನೋಡಿ.

ವಾರಂಟಿ ಮುಗಿಯುವವರೆಗೆ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲೇ ಮಾಡಿಸಿ. ಪ್ರತಿ ಬಿಲ್ಲಿನಲ್ಲಿ ದಿನಾಂಕ, ಕಿಲೋಮೀಟರ್, ಆಯಿಲ್ ದರ್ಜೆ ಮೂರನ್ನೂ ಬರೆಸಿಕೊಳ್ಳಿ.