ಹೆಚ್ಚು ಉಂಡರೆ ಹೆರಿಗೆ ಕಷ್ಟವೇ?

ಪ್ರಶ್ನೆ: ಸೊಸೆಗೆ ಈಗ 5 ತಿಂಗಳು. ಮೊದಲ ಮಗು ದಿನ ತುಂಬಿಯೇ ಹುಟ್ಟಿದ್ದರೂ 2.1 ಕೆ.ಜಿ. ಇತ್ತು; ಅದಕ್ಕೀಗ ಒಂದೂವರೆ ವರ್ಷ. ಸೊಸೆಯ ತೂಕ 43 ಕೆ.ಜಿ., ಹಿಮೋಗ್ಲೋಬಿನ್ 9.2. ಕಬ್ಬಿಣದ ಮಾತ್ರೆಯನ್ನು ಬೆಳಿಗ್ಗೆ ಆಸರಿಯ ಚಹಾದ ಜೊತೆ ನುಂಗುತ್ತಾಳೆ. ಊಟವಾದ ಮೇಲೆ ತಂಬಾಕು ಹಾಕಿದ ಕವಳ ಬೇಕೇ ಬೇಕು. ಹೆಚ್ಚು ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟ ಎನ್ನುತ್ತಾರೆ ನಮ್ಮತ್ತೆ. ಈ ಮಗುವೂ ಸಣ್ಣದಾದೀತೇ?
— ಓದುಗರು, ಶಿರಸಿ ತಾಲೂಕು

ಉತ್ತರ: ಆಗುವ ಸಾಧ್ಯತೆ ಇದೆ. ಆದರೆ ಮಗು ಮೈತುಂಬಿಕೊಳ್ಳುವುದು ಕೊನೆಯ 3 ತಿಂಗಳಲ್ಲಿ. ನಿಮಗೆ ಇನ್ನೂ ಸಮಯವಿದೆ.

ಹುಟ್ಟಿದಾಗ 2.5 ಕೆ.ಜಿ.ಗಿಂತ ಕಡಿಮೆಯಿದ್ದರೆ ಕಡಿಮೆ ತೂಕದ ಮಗು ಎನ್ನುತ್ತೇವೆ. ಮೊದಲ ಮಗು ದಿನ ತುಂಬಿಯೂ ಅಷ್ಟೇ ಇತ್ತೆಂದರೆ ಹೊಟ್ಟೆಯೊಳಗೇ ಬೆಳವಣಿಗೆ ಸಾಲಲಿಲ್ಲ ಎಂದರ್ಥ. ಹಾಗಾದವರಿಗೆ ಮತ್ತೆ ಹಾಗಾಗುವ ಸಂಭವ ಹೆಚ್ಚು. ಎರಡು ಬಸಿರಿನ ನಡುವೆ ಅಂತರವೂ ಸಾಲಲಿಲ್ಲ. ಹೆರಿಗೆಯಾಗಿ 2 ವರ್ಷವಾದರೂ ಕಳೆಯಬೇಕಿತ್ತು.

ತಿದ್ದಬೇಕಾದ ಮೊದಲ ಸಂಗತಿ ಆ ಚಹಾ. ಚಹಾ, ಕಾಫಿ, ಹಾಲು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಬಸಿರಿನಲ್ಲಿ ಹಿಮೋಗ್ಲೋಬಿನ್ 11 ಇರಬೇಕು. 9.2 ಇದ್ದವರಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಮಾತ್ರೆ ಕೊಡುತ್ತಾರೆ. ವೈದ್ಯರನ್ನು ಕೇಳಿ ಶುರುಮಾಡಿ. ಒಂದನ್ನು ಬೆಳಿಗ್ಗೆ 11ಕ್ಕೆ ಲಿಂಬೆ ಪಾನಕದ ಜೊತೆ, ಇನ್ನೊಂದನ್ನು ಮಲಗುವಾಗ ಕೊಡಿ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ 2 ತಾಸು ಅಂತರವಿರಲಿ. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ಮಾತ್ರೆ ಬಿಡಬಾರದು. ತಿಂಗಳ ನಂತರದ ಪರೀಕ್ಷೆಯಲ್ಲಿ 1 ಗ್ರಾಂ ಕೂಡ ಏರದಿದ್ದರೆ ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿ ಇಂಜೆಕ್ಷನ್ ಬೇಕೇ ಎಂದು ನೋಡುತ್ತಾರೆ.

ಕವಳ ಇಂದೇ ನಿಲ್ಲಲಿ. ತಂಬಾಕಿನ ನಿಕೋಟಿನ್ ಮಾಸಿಗೆ ಹೋಗುವ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮಗುವಿಗೆ ರಕ್ತ ಸಾಲುವುದಿಲ್ಲ. ತಂಬಾಕು ಬಿಟ್ಟು ಬರೀ ಅಡಿಕೆ ಜಗಿದರೂ ಮಗುವಿನ ತೂಕ ಕಡಿಮೆಯಾಗುವುದು ಕಂಡುಬಂದಿದೆ. ಅಡಿಕೆಯಿಂದಲೇ ಬದುಕುವ ಊರಿನಲ್ಲಿ ಈ ಮಾತು ಕಹಿ, ಆದರೂ ಹೇಳಲೇಬೇಕು.

ನಿಮ್ಮತ್ತೆಯವರ ಭಯ ಸಹಜ, ಆದರೆ ಇಲ್ಲಿ ಸಲ್ಲದು. ತಾಯಿಯನ್ನು ಅರೆಹೊಟ್ಟೆ ಇಟ್ಟರೆ ಹೆರಿಗೆ ಸುಲಭವಾಗುವುದಿಲ್ಲ, ಮಗು ಬಡಕಲಾಗುತ್ತದೆ ಅಷ್ಟೇ. ದಿನಕ್ಕೊಂದು ಊಟ ಹೆಚ್ಚಿಸಿ: ಕುಚ್ಚಲಕ್ಕಿ ಗಂಜಿಗೆ ಹೆಸರುಕಾಳು, ನುಗ್ಗೆಸೊಪ್ಪು; ತಿನ್ನುವವರಾದರೆ ಮೊಟ್ಟೆ, ಬಂಗುಡೆ. ಅಂಗನವಾಡಿಯ ಮಾತೃಪೂರ್ಣ ಊಟ ಇದರ ಮೇಲಿರಲಿ, ಮನೆಯೂಟದ ಬದಲಿಗಲ್ಲ. ತಿಂಗಳಿಗೆ ಒಂದೂವರೆಯಿಂದ 2 ಕೆ.ಜಿ. ಏರುತ್ತಿದೆಯೇ ಎಂದು ತಾಯಿ ಕಾರ್ಡಿನಲ್ಲಿ ಬರೆಸಿ. ಮಧ್ಯಾಹ್ನ 2 ತಾಸು ಮಲಗಲಿ, ನೀರು ಹೊರುವುದನ್ನು ಬೇರೆಯವರು ನೋಡಿಕೊಳ್ಳಲಿ.

ಪ್ರತಿ ತಪಾಸಣೆಯಲ್ಲೂ ರಕ್ತದೊತ್ತಡ, ಮೂತ್ರ ನೋಡಿಸಿ. 24 ವಾರ ದಾಟಿದ ಮೇಲೆ ಗರ್ಭಕೋಶದ ಎತ್ತರವನ್ನು ಟೇಪಿನಿಂದ ಅಳೆಸಿ. ಸೆಂಟಿಮೀಟರ್ ಲೆಕ್ಕ ಹೆಚ್ಚುಕಡಿಮೆ ವಾರಗಳಷ್ಟೇ ಬರಬೇಕು. 3 ಸೆಂ.ಮೀ. ಹಿಂದೆ ಬಿದ್ದರೆ ಅಥವಾ ಮಗುವಿನ ಮಿಸುಕಾಟ ಕಡಿಮೆಯಾದರೆ ಕಾಯಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ.