ಓದುಗರ ಪ್ರಶ್ನೆ: ಫೀಲ್ಡುಗಳ ಸರದಿ ಎಲ್ಲಿ ನಿರ್ಧಾರವಾಗುತ್ತದೆ?

ಪ್ರಶ್ನೆ: ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯೊಂದಕ್ಕಾಗಿ ಕಚ್ಚಾ ಬೀಜದ ಆವಕವನ್ನು ದಾಖಲಿಸುವ ಸ್ಕ್ರೀನನ್ನು ಎಸ್‌ಎಪಿ ಎಂಬ ವ್ಯವಹಾರ ತಂತ್ರಾಂಶದ ಪ್ರೋಗ್ರಾಮಿಂಗ್ ಭಾಷೆಯಾದ ಅಬಾಪ್‌ನಲ್ಲಿ ಬರೆದಿದ್ದೇನೆ. ತೇವಾಂಶ ಶೇ. 8ನ್ನು ಮೀರಿದರೆ, ಮೀರಿದ ಪ್ರತಿ ಒಂದು ಶೇಕಡಾಕ್ಕೆ ತೂಕದಲ್ಲಿ ಶೇ. 1ರಷ್ಟು ಕಡಿತವಾಗಬೇಕು. 5000 ಕೆ.ಜಿ.ಯ ಲೋಡಿಗೆ ತೇವಾಂಶವನ್ನು 9ರಿಂದ 11ಕ್ಕೆ ತಿದ್ದಿ ಎಂಟರ್ ಒತ್ತಿದರೆ ನಿವ್ವಳ ತೂಕ ಹಳೆಯ 4950 ಎಂದೇ ಬರುತ್ತದೆ. ಇನ್ನೊಮ್ಮೆ ಒತ್ತಿದ ಮೇಲೆ 4850 ಆಗುತ್ತದೆ. ಗೋದಾಮಿನ ಕೋಡ್ ತಪ್ಪಾದಾಗ ಎರರ್ ಬಂದು ಪ್ಲ್ಯಾಂಟ್ (ಘಟಕ) ಫೀಲ್ಡ್ ಮಾತ್ರ ತಿದ್ದಲು ಸಿಗುತ್ತದೆ, ಗೋದಾಮಿನದು ಮುಚ್ಚಿಕೊಳ್ಳುತ್ತದೆ. ರದ್ದು ಬಟನ್ ಒತ್ತಿದರೂ ಅದೇ ಎರರ್. ಸ್ಕ್ರೀನಿನ ವಿನ್ಯಾಸ ಮಾಡುವ ಸ್ಕ್ರೀನ್ ಪೇಂಟರಿನಲ್ಲಿ ಫೀಲ್ಡುಗಳನ್ನು ಮೇಲೆ ಕೆಳಗೆ ಮಾಡಿದರೂ ಪ್ರಯೋಜನವಾಗಲಿಲ್ಲ.
— ಒಬ್ಬ ಓದುಗರು, ಮಂಗಳೂರು

ಉತ್ತರ: ಫೀಲ್ಡುಗಳ ಸ್ಥಾನ ಬದಲಿಸಿದ್ದರಿಂದ ಪ್ರಯೋಜನವಾಗದಿರುವುದು ಸಹಜ, ಏಕೆಂದರೆ ಸ್ಕ್ರೀನಿನ ಮೇಲೆ ಫೀಲ್ಡ್ ಎಲ್ಲಿದೆ ಎಂಬುದಕ್ಕೂ ಅದರ ಮೌಲ್ಯ ಪ್ರೋಗ್ರಾಮಿಗೆ ಯಾವಾಗ ತಲುಪುತ್ತದೆ ಎಂಬುದಕ್ಕೂ ಸಂಬಂಧವಿಲ್ಲ. ಆ ಸರದಿಯನ್ನು ನಿರ್ಧರಿಸುವುದು ಫ್ಲೋ ಲಾಜಿಕ್‌ನ (ಸ್ಕ್ರೀನಿನ ಹಂತಗಳನ್ನು ಕ್ರಮವಾಗಿ ಬರೆಯುವ ಕೋಡ್) ಪಿಎಐ ಭಾಗ, ಅಂದರೆ ಬಳಕೆದಾರರು ಎಂಟರ್ ಅಥವಾ ಬಟನ್ ಒತ್ತಿದ ಮೇಲೆ ನಡೆಯುವ ಭಾಗ. ಅಲ್ಲಿ 'ಫೀಲ್ಡ್' ಎಂಬ ಹೇಳಿಕೆಯಲ್ಲಿ ಹೆಸರಿಸದ ಫೀಲ್ಡುಗಳೆಲ್ಲ ಪಿಎಐ ಆರಂಭದಲ್ಲೇ ಅದೇ ಹೆಸರಿನ ವೇರಿಯಬಲ್‌ಗಳಿಗೆ ವರ್ಗಾವಣೆಯಾಗುತ್ತವೆ; ಹೆಸರಿಸಿದ ಫೀಲ್ಡುಗಳ ಮೌಲ್ಯ ಆ ಹೇಳಿಕೆಯ ಸರದಿ ಬಂದಾಗಲಷ್ಟೇ ವರ್ಗಾವಣೆಯಾಗುತ್ತದೆ.

ನೀವು ವಿವರಿಸಿದ ಲಕ್ಷಣವನ್ನು ನೋಡಿದರೆ, ನಿವ್ವಳ ತೂಕ ಲೆಕ್ಕಹಾಕುವ ಮಾಡ್ಯೂಲ್ (ಫ್ಲೋ ಲಾಜಿಕ್ ಕರೆಯುವ ಕೋಡಿನ ತುಣುಕು) ತೇವಾಂಶದ ಫೀಲ್ಡ್ ಹೇಳಿಕೆಗಿಂತ ಮೊದಲೇ ಇದೆ. ಹಾಗಾಗಿ ಲೆಕ್ಕ ನಡೆಯುವ ಹೊತ್ತಿಗೆ ವೇರಿಯಬಲ್‌ನಲ್ಲಿ ಇನ್ನೂ 9 ಇರುತ್ತದೆ. 11 ಬರುವುದು ಅದರ ನಂತರ. ಎರಡನೆಯ ಎಂಟರಿಗೆ ಸರಿಯಾಗುವುದು ಇದೇ ಕಾರಣಕ್ಕೆ. ಇದಕ್ಕಿಂತ ಅಪಾಯಕಾರಿಯಾದ ಸಂದರ್ಭವೊಂದಿದೆ. ಒಟ್ಟು ತೂಕಕ್ಕೆ ಫೀಲ್ಡ್ ಹೇಳಿಕೆ ಇಲ್ಲದಿದ್ದು, ಬಳಕೆದಾರರು ತೂಕವನ್ನು 6000ಕ್ಕೂ ತೇವಾಂಶವನ್ನು 11ಕ್ಕೂ ಒಟ್ಟಿಗೆ ತಿದ್ದಿದರೆ, ಹೊಸ ತೂಕಕ್ಕೆ ಹಳೆಯ ತೇವಾಂಶ ಸೇರಿ 5820ರ ಬದಲು 5940 ಬರುತ್ತದೆ. ನೋಡಲು ಸರಿಯಾಗಿಯೇ ಕಾಣುವ ಈ ಅಂಕಿ ಪಾರ್ಟಿಗೆ ಹಣ ಪಾವತಿಯಾಗುವವರೆಗೂ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಲೆಕ್ಕದ ಮಾಡ್ಯೂಲನ್ನು ಅದು ಬಳಸುವ ಎಲ್ಲ ಫೀಲ್ಡ್ ಹೇಳಿಕೆಗಳ ಕೆಳಗೆ ಸರಿಸಿ. ಅನುಮಾನವಿದ್ದರೆ ಕಮಾಂಡ್ ಫೀಲ್ಡಿನಲ್ಲಿ ಓರೆಗೆರೆಯ ಜೊತೆ 'ಎಚ್' ಕೊಟ್ಟು ಡೀಬಗರ್ ತೆರೆದು, ಪ್ರತಿ ಮಾಡ್ಯೂಲಿನ ಬಾಗಿಲಲ್ಲಿ ಆ ವೇರಿಯಬಲ್‌ನ ಮೌಲ್ಯವನ್ನು ನೋಡಿ.

ಗೋದಾಮಿನ ತೊಡಕಿಗೆ ಚೈನ್, ಅಂದರೆ ಹಲವು ಫೀಲ್ಡುಗಳನ್ನು ಒಂದು ಗುಂಪಾಗಿ ಕಟ್ಟುವ ಹೇಳಿಕೆ, ಬೇಕು. ಒಂದೇ ಫೀಲ್ಡಿಗೆ ಕಟ್ಟಿದ ಮಾಡ್ಯೂಲ್ ಎರರ್ ಕೊಟ್ಟರೆ ಆ ಫೀಲ್ಡ್ ಮಾತ್ರ ಮತ್ತೆ ತೆರೆಯುತ್ತದೆ. ಚೈನ್ ಮತ್ತು ಎಂಡ್‌ಚೈನ್ ನಡುವೆ ಪ್ಲ್ಯಾಂಟ್, ಗೋದಾಮು ಎರಡನ್ನೂ ಹೆಸರಿಸಿ, ಪರಿಶೀಲನೆಯ ಮಾಡ್ಯೂಲನ್ನು ಅಲ್ಲೇ 'ಆನ್ ಚೈನ್-ರಿಕ್ವೆಸ್ಟ್' ಜೊತೆ ಕರೆದರೆ ಎರಡೂ ತೆರೆಯುತ್ತವೆ. ಆದರೆ ಬಳಕೆದಾರರು ಆ ಫೀಲ್ಡುಗಳನ್ನು ಮುಟ್ಟದಿದ್ದರೆ ಈ ಮಾಡ್ಯೂಲ್ ನಡೆಯುವುದಿಲ್ಲ. ಪಿಬಿಒದಲ್ಲಿ, ಅಂದರೆ ಸ್ಕ್ರೀನ್ ತೋರಿಸುವ ಮುನ್ನ ನಡೆಯುವ ಭಾಗದಲ್ಲಿ, ಪ್ರೋಗ್ರಾಮೇ ತುಂಬಿದ ಮೌಲ್ಯ ಬದಲಾವಣೆಯೆಂದು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಸೇವ್ ಮಾಡುವ ಮುನ್ನ ಯಾವ ಷರತ್ತೂ ಇಲ್ಲದ ಪರಿಶೀಲನೆಯೊಂದು ಇರಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಎರರ್ ತಿದ್ದಿದ ಮೇಲೆ ಪಿಎಐ ಮೊದಲಿನಿಂದ ಓಡದೆ, ಬದಲಾದ ಫೀಲ್ಡ್ ಇರುವ ಮೊದಲ ಫೀಲ್ಡ್ ಹೇಳಿಕೆಯಿಂದ ಮುಂದುವರಿಯುತ್ತದೆ ಎಂಬುದೂ ಗಮನದಲ್ಲಿರಲಿ.

ರದ್ದು ಬಟನ್ನಿನ ಫಂಕ್ಷನ್ ಕೋಡಿಗೆ (ಬಟನ್ ಒತ್ತಿದಾಗ ಪ್ರೋಗ್ರಾಮಿಗೆ ಹೋಗುವ ಸಂಕೇತ) ಜಿಯುಐ ಸ್ಟೇಟಸ್‌ನಲ್ಲಿ (ಸ್ಕ್ರೀನಿನ ಬಟನ್, ಮೆನುಗಳ ವ್ಯವಸ್ಥೆ) 'ಇ' ಪ್ರಕಾರವನ್ನು ಕೊಟ್ಟು, 'ಅಟ್ ಎಕ್ಸಿಟ್-ಕಮಾಂಡ್' ಮಾಡ್ಯೂಲ್ ಬರೆಯಿರಿ. ಅದು ಕಡ್ಡಾಯ ಫೀಲ್ಡಿನಂಥ ಸ್ವಯಂಚಾಲಿತ ತಪಾಸಣೆಗಳಿಗೂ ಮೊದಲು ನಡೆಯುತ್ತದೆ. ಅದರೊಳಗೆ ಸ್ಕ್ರೀನಿನಿಂದ ಹೊರಹೋಗುವ ಆದೇಶವಿಲ್ಲದಿದ್ದರೆ ಮಾಮೂಲಿ ಪಿಎಐ ಮತ್ತೆ ಶುರುವಾಗುತ್ತದೆ.

ಪ್ರಶ್ನೆ: ನನ್ನ ವರದಿಯ ಸೆಲೆಕ್ಷನ್ ಸ್ಕ್ರೀನಿನಲ್ಲಿ (ವರದಿಗೆ ಬೇಕಾದ ಮೌಲ್ಯಗಳನ್ನು ಕೇಳುವ ಸ್ಕ್ರೀನ್) ಆರಂಭದ ದಿನಾಂಕ, ಕೊನೆಯ ದಿನಾಂಕ ಎಂಬ ಎರಡು ಪ್ಯಾರಾಮೀಟರ್‌ಗಳಿವೆ. ಅವೆರಡನ್ನೂ ಹೋಲಿಸುವ ಪರಿಶೀಲನೆಯನ್ನು ಎಲ್ಲಿ ಬರೆಯಬೇಕು?
— ಒಬ್ಬ ಓದುಗರು, ಉಡುಪಿ

ಉತ್ತರ: ಎರಡನ್ನೂ ಒಂದೇ ಬ್ಲಾಕಿನಲ್ಲಿ ಇರಿಸಿ, 'ಅಟ್ ಸೆಲೆಕ್ಷನ್-ಸ್ಕ್ರೀನ್ ಆನ್ ಬ್ಲಾಕ್' ಘಟ್ಟದಲ್ಲಿ ಬರೆಯಿರಿ. ಎರರ್ ಬಂದಾಗ ಆ ಬ್ಲಾಕಿನ ಫೀಲ್ಡುಗಳೆಲ್ಲ ತಿದ್ದಲು ಸಿಗುತ್ತವೆ. ಒಂದೊಂದು ಪ್ಯಾರಾಮೀಟರಿಗೂ ಪ್ರತ್ಯೇಕವಾದ ಘಟ್ಟ ಬರೆದರೆ, ತಪ್ಪಿರುವುದು ಇನ್ನೊಂದು ದಿನಾಂಕದಲ್ಲಾದರೂ ತೆರೆದಿರುವುದು ಒಂದೇ ಆಗಿರುತ್ತದೆ.